ಮೊಣಕೈ ಎದ್ದಿತ್ತು

ತೀರ್ಪು ಹೇಳುವ ಪೀಠ ಎಷ್ಟೇ ಚಿಕ್ಕದಾಗಿರಲಿ, ಅದರ ಮೇಲೆ ಕುಳಿತವನ ತಲೆ ಒಂದಂಗುಲವಾದರೂ ಎತ್ತರವಾಗುವುದು ಲೋಕಸ್ವಭಾವ. ನನಗೆ ಸಿಕ್ಕಿದ್ದು ಪಕ್ಕದ ಶಾಲೆಯಿಂದ ಎರವು ತಂದ ಮರದ ಕುರ್ಚಿ. ಅದರ ಒಂದು ಕಾಲು ಕುಂಟು. ಆದರೂ ಕಳೆದ ಗಣೇಶೋತ್ಸವದ ಸಂಜೆ ನಮ್ಮ ಬಡಾವಣೆಯ ಪೆಂಡಾಲಿನಲ್ಲಿ ಆ ಕುರ್ಚಿಯನ್ನೇರಿದಾಗ ನಾನು ಉಚ್ಚ ನ್ಯಾಯಾಲಯದ ಪೀಠದಲ್ಲೇ ವಿರಾಜಮಾನನಾದೆನೆಂದು ಭಾವಿಸಿದ್ದೆ. ವಾಚಕರೊಡನೆ ಮುಚ್ಚುಮರೆಯೇಕೆ?

ಸಂದರ್ಭ ಇಷ್ಟೆ. ಹೆಂಗಸರ ರಂಗೋಲಿ, ಮಕ್ಕಳ ಛದ್ಮವೇಷ ಮುಗಿದ ಮೇಲೆ ತರುಣರಿಗಾಗಿ ಪಂಜ ಕುಸ್ತಿಯ ಸ್ಪರ್ಧೆ ಏರ್ಪಾಡಾಗಿತ್ತು. ಇಬ್ಬರು ಎದುರುಬದುರಾಗಿ ನಿಂತು, ಮೇಜಿನ ಮೇಲೆ ಮೊಣಕೈಯೂರಿ, ಅಂಗೈಗೆ ಅಂಗೈ ಹೆಣೆದು, ಒಬ್ಬನ ಕೈಯನ್ನು ಇನ್ನೊಬ್ಬ ಮಲಗಿಸುವ ಆಟ. ಅಣ್ಣತಮ್ಮಂದಿರಿರುವ ಯಾವ ಮನೆಯಲ್ಲಿ ಇದನ್ನು ಆಡಿಲ್ಲ? ತೀರ್ಪುಗಾರರಾಗಲು ಒಪ್ಪಿದ್ದ ವ್ಯಾಯಾಮ ಶಿಕ್ಷಕರಿಗೆ ಅಂದೇ ಜ್ವರ ಬಂದಿತು. “ನೀವು ಪತ್ರಿಕೆಗೆ ಬರೆಯುವವರು, ನ್ಯಾಯ ಅನ್ಯಾಯ ಬಲ್ಲವರು” ಎಂದು ಸಮಿತಿಯವರು ನನ್ನನ್ನು ಹಿಡಿದು ಕೂರಿಸಿದರು. ಹೊಗಳಿಕೆಗೆ ಸೋಲದವನಾರು? ಕುಳಿತೆ.

ಮೇಜೆಂದರೆ ಶಾಲೆಯ ಹಳೆಯ ಡೆಸ್ಕು. ಮೊಣಕೈಯ ಅಡಿಗೆ ನಾಲ್ಕು ಮಡಿಕೆಯ ಟವೆಲು. ನಿಯಮಗಳು ಎರಡೇ: ಕೈ ಮಲಗಿದರೆ ಸೋಲು, ಮೊಣಕೈ ಟವೆಲಿನಿಂದ ಮೇಲೆದ್ದರೆ ತಪ್ಪು. ಮೊದಲನೆಯ ಬಹುಮಾನ ಐದು ಲೀಟರಿನ ಪ್ರೆಶರ್ ಕುಕ್ಕರು. ಎರಡನೆಯದು ಟಿಫಿನ್ ಕ್ಯಾರಿಯರು. ಪಂದ್ಯಗಳು ನಿರಾತಂಕವಾಗಿ ಸಾಗಿ, ಕೊನೆಗೆ ಇಬ್ಬರು ಉಳಿದರು. ಒಬ್ಬ ನಮ್ಮ ಬೀದಿಯವನೇ ಆದ ಇಂಜಿನಿಯರಿಂಗ್ ವಿದ್ಯಾರ್ಥಿ. ದಿನವೂ ಎದುರಾದಾಗ ನಮಸ್ಕಾರ ಹೇಳುವ ಸಂಭಾವಿತ. ಇನ್ನೊಬ್ಬ ಮುಖ್ಯರಸ್ತೆಯ ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗ. ಕೆಲಸ ಬಿಟ್ಟು ನೇರವಾಗಿ ಬಂದಿದ್ದನಾದ್ದರಿಂದ ಅಂಗಿಯ ಮೇಲೆ ಎಣ್ಣೆಯ ಕಲೆಗಳಿದ್ದವು.

ಇಬ್ಬರ ಕೈಗಳೂ ಕೆಲವು ಕ್ಷಣ ನಡುವೆ ನಡುಗುತ್ತ ನಿಂತವು. ಇದ್ದಕ್ಕಿದ್ದಂತೆ ವಿದ್ಯಾರ್ಥಿಯು ಮೈಯನ್ನು ಹಿಂದಕ್ಕೆಳೆದು ಹೊರಳಿಸಿದ. ಎದುರಾಳಿಯ ಕೈ ಡೆಸ್ಕಿಗೆ ಬಡಿಯಿತು. ಚಪ್ಪಾಳೆಯೋ ಚಪ್ಪಾಳೆ. ಹಿಡಿದ ಕೈಯನ್ನು ಇನ್ನೂ ಬಿಡದೆ ಗ್ಯಾರೇಜಿನ ಹುಡುಗ ನನ್ನ ಕಡೆ ತಿರುಗಿ, “ಮೊಣಕೈ ಎದ್ದಿತ್ತು ಸಾರ್” ಎಂದ.

ಧ್ವನಿಯಲ್ಲಿ ಅವಿಧೇಯತೆ ಇರಲಿಲ್ಲ. ಆದರೆ ನೂರು ಜನರ ಮುಂದೆ ನನ್ನ ತೀರ್ಪನ್ನು ಪ್ರಶ್ನಿಸಿದ್ದನಲ್ಲ! “ಏನೂ ಎದ್ದಿಲ್ಲ. ತೀರ್ಪು ಅಂತಿಮ” ಎಂದು ಗಂಟಲೇರಿಸಿ ಹೇಳಿದೆ. ಅವನು ಒಂದು ಕ್ಷಣ ನನ್ನ ಮುಖವನ್ನೇ ನೋಡಿ, ಟಿಫಿನ್ ಕ್ಯಾರಿಯರನ್ನು ತೆಗೆದುಕೊಂಡು, ಮಂಗಳಾರತಿಗೂ ನಿಲ್ಲದೆ ಹೊರಟುಹೋದ.

ರಾತ್ರಿ ಊಟವಾದ ಮೇಲೆ ಮಗಳು ತನ್ನ ಮೊಬೈಲಿನಲ್ಲಿ ತೆಗೆದಿದ್ದ ಚಿತ್ರಗಳನ್ನು ಮನೆಮಂದಿಗೆಲ್ಲ ತೋರಿಸುತ್ತಿದ್ದಳು. ಅಂತಿಮ ಪಂದ್ಯ ಬಂದಿತು. ಅವಳು ಅದನ್ನು ನಿಧಾನಗತಿಗೆ ತಿರುಗಿಸಿದಳು. ವಿದ್ಯಾರ್ಥಿಯ ಮೊಣಕೈಗೂ ಟವೆಲಿಗೂ ನಡುವೆ ಬೆಳಕು ಕಾಣಿಸಿತು; ಒಂದು ನಿಂಬೆಹಣ್ಣು ನುಸುಳುವಷ್ಟು ಅಂತರ. ಯಾರೂ ಮಾತಾಡಲಿಲ್ಲ. ನನ್ನಾಕೆ ಮಾತ್ರ ಹಾಲಿನ ಪಾತ್ರೆಗೆ ತಟ್ಟೆ ಮುಚ್ಚುತ್ತ, “ನೀವು ಆಗ ಎಲ್ಲಿ ನೋಡುತ್ತಿದ್ದಿರಿ?” ಎಂದಳು.

ಉತ್ತರ ನನಗೆ ತಿಳಿದಿತ್ತು. ನಾನು ಕೈಗಳನ್ನು ನೋಡುತ್ತಿದ್ದೆ, ಮೊಣಕೈಯನ್ನಲ್ಲ. ಮೇಲಾಗಿ ನಾನು ಕುಳಿತಿದ್ದ ಕಡೆಯಿಂದ ವಿದ್ಯಾರ್ಥಿಯ ಭುಜವೇ ಅಡ್ಡವಾಗಿತ್ತು. ‘ನನಗೆ ಕಾಣಲಿಲ್ಲ’ ಎನ್ನಬೇಕಾದ ಕಡೆ ‘ನಡೆಯಲಿಲ್ಲ’ ಎಂದುಬಿಟ್ಟಿದ್ದೆ. ಈ ಎರಡು ಮಾತುಗಳ ನಡುವಿನ ಅಂತರ ಆ ನಿಂಬೆಹಣ್ಣಿಗಿಂತ ಎಷ್ಟೋ ದೊಡ್ಡದು.

ತಪ್ಪು ಮಾಡಿದ ಮೇಲೆ ಗ್ರಂಥ ತೆರೆಯುವುದು ನಮ್ಮಂಥವರ ಅಭ್ಯಾಸ. ಮರುದಿನದಿಂದ ಈ ಆಟದ ಪೂರ್ವೋತ್ತರಗಳನ್ನು ಕೆದಕತೊಡಗಿದೆ. ತಿಳಿದುಬಂದ ಮೊದಲ ಸಂಗತಿಯೇ ನನ್ನನ್ನು ನಾಚಿಸಿತು: ಇದನ್ನು ಹೋಟೆಲಿನ ಮೋಜಿನಿಂದ ಕ್ರೀಡೆಯ ಪದವಿಗೇರಿಸಿದವರಲ್ಲಿ ಮೊದಲಿಗನು ನನ್ನಂತೆಯೇ ಒಬ್ಬ ಅಂಕಣಕಾರ! ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ಪೆಟಲೂಮ ಎಂಬ ಊರಿನ ಪತ್ರಿಕೆಯಲ್ಲಿ ಅಂಕಣ ಬರೆಯುತ್ತಿದ್ದ ಬಿಲ್ ಸೊಬೆರಾನಿಸ್ ಎಂಬಾತ ೧೯೫೦ರ ದಶಕದಲ್ಲಿ ಅಲ್ಲಿನ ಪಾನಗೃಹವೊಂದರಲ್ಲಿ ಈ ಪಂದ್ಯಗಳನ್ನು ಆರಂಭಿಸಿದ. ೧೯೬೨ರಲ್ಲಿ ಅದೇ ಊರಿನಲ್ಲಿ ‘ವಿಶ್ವ ಚಾಂಪಿಯನ್‌ಷಿಪ್’ ಎಂಬ ಹೆಸರಿನಿಂದ ಸ್ಪರ್ಧೆ ನಡೆಯಿತು. ಆ ದಶಕ ಮುಗಿಯುವುದರೊಳಗೆ ಟೆಲಿವಿಷನ್ ಅದನ್ನು ದೇಶಕ್ಕೆಲ್ಲ ತೋರಿಸಿತು. ಪಂಜ ಕುಸ್ತಿಯ ಜಟ್ಟಿಗಳ ಪ್ರತಿಮೆಯನ್ನೂ ಆ ಊರಿನವರು ನಿಲ್ಲಿಸಿದ್ದಾರೆ.

ಇದೇ ಊರಿನ ಸ್ಪರ್ಧೆಯ ಕುರಿತು ಒಂದು ವಿನೋದವುಂಟು. ಚಾರ್ಲ್ಸ್ ಶುಲ್ಜ್ ಅವರ ‘ಪೀನಟ್ಸ್’ ಚಿತ್ರಮಾಲಿಕೆಯ ಸ್ನೂಪಿ ಎಂಬ ನಾಯಿಯನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ೧೯೬೮ರಲ್ಲಿ ಶುಲ್ಜ್ ಆ ನಾಯಿಯನ್ನು ಪೆಟಲೂಮದ ಸ್ಪರ್ಧೆಗೆ ಕಳುಹಿಸಿದರು. ನಾಯಿ ಬಹಳ ಹುಮ್ಮಸ್ಸಿನಿಂದ ಹೋಯಿತು. ಆದರೆ ಹೆಬ್ಬೆರಳಿಗೆ ಹೆಬ್ಬೆರಳು ಹೆಣೆಯಬೇಕೆಂಬುದು ನಿಯಮ, ನಾಯಿಗೆ ಹೆಬ್ಬೆರಳಿಲ್ಲ. ಅನರ್ಹನೆಂದು ತೀರ್ಪಾಯಿತು! ನಗೆಯ ಮಾತು ಹಾಗಿರಲಿ, ಆ ತೀರ್ಪುಗಾರ ನನಗಿಂತ ಮೇಲು. ಅವನ ತೀರ್ಪಿಗೆ ಒಂದು ಕಾರಣವಿತ್ತು, ಆ ಕಾರಣವನ್ನು ಹೇಳಬಹುದಾಗಿತ್ತು. ನನ್ನ ತೀರ್ಪಿಗೆ ಇದ್ದ ಆಧಾರ ನನ್ನ ಗಂಟಲೊಂದೇ.

ಈಗ ಈ ಕ್ರೀಡೆಗೆ ಜಾಗತಿಕ ಒಕ್ಕೂಟಗಳಿವೆ, ವಿಸ್ತಾರವಾದ ನಿಯಮಗಳಿವೆ. ೧೯೮೭ರಲ್ಲಿ ಸಿಲ್ವೆಸ್ಟರ್ ಸ್ಟಲೋನ್ ನಟಿಸಿದ ‘ಓವರ್ ದಿ ಟಾಪ್’ ಎಂಬ ಚಿತ್ರದಿಂದ ಇದರ ಕೀರ್ತಿ ಹಬ್ಬಿತು. ನಮ್ಮ ದೇಶದಲ್ಲಿಯೂ ೨೦೨೩ರಲ್ಲಿ ದೆಹಲಿಯಲ್ಲಿ ‘ಪ್ರೊ ಪಂಜಾ ಲೀಗ್’ ಎಂಬ ತಂಡಗಳ ಪಂದ್ಯಾವಳಿ ನಡೆದು ಟೆಲಿವಿಷನ್ನಿನಲ್ಲಿ ಪ್ರಸಾರವಾಯಿತು. ನಿಂತು ಆಡುವ ಮೇಜಿನ ಎತ್ತರ ೪೦ ಅಂಗುಲ. ಮೊಣಕೈ ಊರಲು ೭ ಅಂಗುಲದ ಚೌಕನೆಯ ಮೆತ್ತೆ. ಪಕ್ಕದಲ್ಲಿ ಕೈ ಮಲಗಬೇಕಾದ ಇನ್ನೊಂದು ಮೆತ್ತೆ. ಬಿಡುಗೈಯಿಂದ ಹಿಡಿದುಕೊಳ್ಳಲು ಒಂದು ಗೂಟ. ಮತ್ತು, ವಾಚಕರು ಗಮನಿಸಬೇಕು, ಪ್ರತಿ ಮೇಜಿಗೂ ತೀರ್ಪುಗಾರರು ಇಬ್ಬರು. ಈ ಕಡೆ ಒಬ್ಬ, ಆ ಕಡೆ ಒಬ್ಬ.

ಇಬ್ಬರೇಕೆ? ಒಬ್ಬನ ಕಣ್ಣಿಗೆ ಎರಡು ಕಡೆಯೂ ಕಾಣುವುದಿಲ್ಲವೆಂಬುದನ್ನು ನಿಯಮ ಬರೆದವರು ಮೊದಲೇ ಒಪ್ಪಿಕೊಂಡಿದ್ದಾರೆ. ಪಂದ್ಯವು ಎಷ್ಟೋ ಸಲ ಎರಡು ಮೂರು ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ಅಷ್ಟರೊಳಗೆ ‘ಗೋ’ ಎನ್ನುವ ಮುನ್ನವೇ ಯಾರಾದರೂ ಎಳೆದರೇ, ಮೊಣಕೈ ಮೆತ್ತೆಯಿಂದ ಎದ್ದಿತೇ ಜಾರಿತೇ, ಸೋಲುವ ಭಯದಿಂದ ಬೇಕೆಂದೇ ಹಿಡಿತ ಬಿಡಿಸಿಕೊಂಡರೇ, ಕೈ ನಿಜವಾಗಿ ಮೆತ್ತೆಯನ್ನು ಮುಟ್ಟಿತೇ, ಇಷ್ಟನ್ನೂ ನೋಡಬೇಕು. ಮೊಣಕೈ ಏಳುವುದು ಸಣ್ಣ ತಪ್ಪಲ್ಲ. ಮೊಣಕೈ ನೆಲೆಯಾಗಿದ್ದರೆ ಅದು ತೋಳಿನ ಹೋರಾಟ. ಮೊಣಕೈ ಎದ್ದೊಡನೆ ಇಡೀ ಮೈಯ ಭಾರ ಎದುರಾಳಿಯ ಕೈಯ ಮೇಲೆ ಬೀಳುತ್ತದೆ. ಆದ್ದರಿಂದಲೇ ಅದನ್ನು ತಪ್ಪೆಂದು ಎಣಿಸಿ, ಅಂಥ ಎರಡು ತಪ್ಪುಗಳಾದರೆ ಪಂದ್ಯವನ್ನೇ ಸೋತಂತೆ ಎಂದು ವಿಧಿಸಿದ್ದಾರೆ. ಹಿಡಿತ ತಾನಾಗಿ ಜಾರಿದರೆ ಯಾರನ್ನೂ ದಂಡಿಸದೆ, ಇಬ್ಬರ ಕೈಗಳನ್ನೂ ಪಟ್ಟಿಯಿಂದ ಬಿಗಿದು ಮತ್ತೆ ಆಡಿಸುತ್ತಾರೆ. ಎಷ್ಟು ಸರಳವಾದ ಉಪಾಯ!

ಹಾಗಾದರೆ ತೀರ್ಪುಗಾರನ ಮಾತನ್ನು ಯಾವಾಗ ಬೇಕಾದರೂ ಪ್ರಶ್ನಿಸಬಹುದೇ? ಇಲ್ಲಿ ಒಂದು ವಿವೇಚನೆ ಅವಶ್ಯ. ಪಂದ್ಯ ನಡೆಯುತ್ತಿರುವಾಗ ಅವನು ‘ನಿಲ್ಲಿಸು’ ಎಂದರೆ ನಿಲ್ಲಿಸಲೇಬೇಕು. ಆಗ ವಾದಕ್ಕೆ ಅವಕಾಶವಿಲ್ಲ. ಆಟಗಾರನು ತನ್ನ ಕೈಯಿಂದ ಮುಖವನ್ನೂ ಭುಜವನ್ನೂ ಬೇರೆ ಕಡೆಗೆ ತಿರುಗಿಸಿ ಒತ್ತತೊಡಗಿದರೆ ತೋಳಿನ ಮೇಲಣ ಮೂಳೆಗೆ ತಿರುಚುವ ಒತ್ತಡ ಬಿದ್ದು ಅದು ಮುರಿಯುವುದುಂಟು. ಅದಕ್ಕಾಗಿಯೇ ಬಲ್ಲವರು ‘ನಿನ್ನ ಕೈಯನ್ನೇ ನೋಡುತ್ತಿರು’ ಎಂದು ಹೊಸಬರಿಗೆ ಉಪದೇಶಿಸುವುದು. ಅಂಥ ಭಂಗಿಯನ್ನು ಕಂಡು ತೀರ್ಪುಗಾರ ಎಚ್ಚರಿಸಿದರೆ ಅದು ಮೂಳೆ ಉಳಿಸುವ ಆಜ್ಞೆ. ಅದನ್ನು ಮೊದಲು ಪಾಲಿಸಬೇಕು, ಪ್ರಶ್ನೆಯೇನಿದ್ದರೂ ಆಮೇಲೆ.

ಗೆಲವು ಸೋಲಿನ ಮಾತು ಬೇರೆ. ಅಲ್ಲಿ ಆಕ್ಷೇಪಣೆಗೆ ಬಾಗಿಲುಂಟು. ಆದರೆ ಬಾಗಿಲಿಗೆ ಹೊಸ್ತಿಲೂ ಉಂಟು. ಆಕ್ಷೇಪಿಸುವವನು ಒಡನೆಯೇ ಆಕ್ಷೇಪಿಸಬೇಕು. ಮೇಜಿನ ತೀರ್ಪುಗಾರನೊಡನೆ ಜಗಳ ಕಾಯದೆ ಮೇಲಣ ಮುಖ್ಯ ತೀರ್ಪುಗಾರನಲ್ಲಿ ಬಿನ್ನವಿಸಬೇಕು. ಒಂದಿಷ್ಟು ಹಣವನ್ನು ಠೇವಣಿಯಾಗಿ ಇಡಬೇಕೆಂಬ ಕಟ್ಟಳೆಯೂ ಉಂಟು. ಆಕ್ಷೇಪಣೆ ಸರಿಯಾದರೆ ಹಣ ವಾಪಸು, ತಪ್ಪಾದರೆ ಇಲ್ಲ. ಮೊದಲು ಈ ಠೇವಣಿಯ ವಿಚಾರ ನನಗೆ ಹಿಡಿಸಲಿಲ್ಲ. ನ್ಯಾಯ ಕೇಳುವುದಕ್ಕೂ ದುಡ್ಡೇ? ಯೋಚಿಸಿದಂತೆಲ್ಲ ಅದರ ಮರ್ಮ ಹೊಳೆಯಿತು. ಸೋತವರೆಲ್ಲರೂ ಆಕ್ಷೇಪಿಸುತ್ತ ಹೋದರೆ ಪಂದ್ಯ ಮುಗಿಯುವುದೆಂದು? ತನ್ನ ಮಾತಿನಲ್ಲಿ ತನಗೇ ನಂಬಿಕೆಯಿರುವವನು ಮಾತ್ರ ಕೈಯಿಂದ ಹಣ ಬಿಚ್ಚುತ್ತಾನೆ. ಆದರೆ ಆ ಮೊತ್ತವು ಗ್ಯಾರೇಜಿನ ಹುಡುಗನ ಜೇಬಿಗೂ ನಿಲುಕುವಂತಿರಬೇಕು. ಇಲ್ಲವಾದರೆ ನ್ಯಾಯವು ಇಂಜಿನಿಯರಿಂಗ್ ಓದುವವರ ಸೊತ್ತಾದೀತು.

‘ಒಡನೆಯೇ’ ಎಂಬ ನಿಯಮವೂ ಕಠಿಣವಾದದ್ದೇ. ಬೇರೆ ಕ್ರೀಡೆಯ ಒಂದು ಪ್ರಸಂಗ ಅನೇಕರಿಗೆ ನೆನಪಿರಬಹುದು. ೨೦೨೪ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಜೋರ್ಡನ್ ಚೈಲ್ಸ್ ಎಂಬ ಅಮೆರಿಕದ ಜಿಮ್ನಾಸ್ಟಿಕ್ಸ್ ಪಟು ನೆಲದ ಮೇಲಣ ಕಸರತ್ತಿನಲ್ಲಿ ಐದನೆಯ ಸ್ಥಾನಕ್ಕಿಳಿದಿದ್ದಳು. ಅವಳ ತರಬೇತುದಾರರು ಆಕ್ಷೇಪಿಸಿದರು, ಅಂಕ ಹೆಚ್ಚಿತು, ಕಂಚಿನ ಪದಕ ಕೊರಳಿಗೆ ಬಂದಿತು. ಕೆಲವೇ ದಿನಗಳಲ್ಲಿ ಕ್ರೀಡಾ ನ್ಯಾಯಮಂಡಲಿಯು, ಆಕ್ಷೇಪಣೆಗೆ ಇದ್ದ ಕಾಲಾವಧಿ ಒಂದು ನಿಮಿಷ, ಅದು ಬಂದದ್ದು ಒಂದು ನಿಮಿಷ ನಾಲ್ಕು ಸೆಕೆಂಡಿಗೆ, ಆದ್ದರಿಂದ ಅಸಿಂಧು ಎಂದಿತು. ಪದಕ ರುಮೇನಿಯದ ಅನಾ ಬರ್ಬೋಸುವಿಗೆ ಸಂದಿತು. ವ್ಯಾಜ್ಯ ಅಲ್ಲಿಗೂ ನಿಲ್ಲದೆ ಸ್ವಿಟ್ಜರ್ಲೆಂಡಿನ ನ್ಯಾಯಾಲಯದ ಮೆಟ್ಟಿಲನ್ನೇರಿತು. ಇಬ್ಬರು ಹೆಣ್ಣುಮಕ್ಕಳ ಕಣ್ಣೀರು ನಾಲ್ಕು ಸೆಕೆಂಡುಗಳಲ್ಲಿ! ನಮ್ಮ ಹುಡುಗನಾದರೋ ನಾಲ್ಕು ಸೆಕೆಂಡೂ ತಡಮಾಡಿರಲಿಲ್ಲ. ಹಿಡಿದ ಕೈ ಬಿಡುವ ಮುನ್ನವೇ ಹೇಳಿದ್ದ, ಒಂದೇ ವಾಕ್ಯ ಹೇಳಿದ್ದ, ಯಾರನ್ನೂ ಬೈದಿರಲಿಲ್ಲ. ಆಕ್ಷೇಪಿಸುವವನ ಕರ್ತವ್ಯವನ್ನೆಲ್ಲ ನಿಯಮ ಓದದೆಯೇ ನೆರವೇರಿಸಿದ್ದ. ಕರ್ತವ್ಯ ತಪ್ಪಿದವನು ಕುರ್ಚಿಯ ಮೇಲಿದ್ದವನು.

ಹೀಗೆ ಒಂದು ವಾರ ಕಳೆಯಿತು. ಗ್ರಂಥಾಧ್ಯಯನದಿಂದ ಪಾಪ ಪರಿಹಾರವಾಗುವುದಿಲ್ಲವೆಂದು ನನ್ನಾಕೆ ನೆನಪಿಸಿದ ಮೇಲೆ ಮೊದಲು ವಿದ್ಯಾರ್ಥಿಯನ್ನು ಕಂಡೆ. ವಿಷಯ ತಿಳಿಸಿದೆ. ಅವನು ತಲೆ ತಗ್ಗಿಸಿ, “ನನಗೂ ಗೊತ್ತಾಗಿತ್ತು ಸಾರ್. ಹೇಳೋಣ ಅಂದುಕೊಂಡೆ. ಅಷ್ಟರಲ್ಲಿ ನೀವು ಅಂತಿಮ ಅಂದುಬಿಟ್ಟಿರಿ” ಎಂದ.

ಈ ಮಾತು ನನಗೆ ಏಟಿನಂತೆ ತಾಕಿತು. ನನ್ನ ಬಿಗುಮಾನ ಸೋತವನೊಬ್ಬನ ಬಾಯಿಯನ್ನು ಮಾತ್ರವೇ ಮುಚ್ಚಿಸಿತೆಂದು ತಿಳಿದಿದ್ದೆ. ಗೆದ್ದವನ ಬಾಯಿಯನ್ನೂ ಮುಚ್ಚಿಸಿತ್ತು. ಒಬ್ಬ ತರುಣನು ಸತ್ಯವಂತನಾಗಬಹುದಾಗಿದ್ದ ಕ್ಷಣವನ್ನು ನಾನು ಕಸಿದುಕೊಂಡಿದ್ದೆ.

ಆಗ ನಮ್ಮವರೇ ಆದ ಗುಂಡಪ್ಪ ವಿಶ್ವನಾಥರ ನೆನಪಾಯಿತು. ೧೯೮೦ರ ಫೆಬ್ರವರಿಯಲ್ಲಿ ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ಇಂಗ್ಲೆಂಡಿನೊಡನೆ ಸುವರ್ಣ ಮಹೋತ್ಸವದ ಟೆಸ್ಟ್. ಭದ್ರಾವತಿಯ ಈ ಆಟಗಾರರು ಅಂದು ಭಾರತದ ನಾಯಕರು. ೫೮ ರನ್ನಿಗೆ ಐದು ವಿಕೆಟ್ ಕಳೆದುಕೊಂಡು ಇಂಗ್ಲೆಂಡ್ ತತ್ತರಿಸಿತ್ತು. ಆಮೇಲೆ ಬಂದ ಬಾಬ್ ಟೇಲರ್ ಕ್ಯಾಚಿತ್ತನೆಂದು ಅಂಪೈರು ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂಬುದು ವಿಶ್ವನಾಥರಿಗೆ ಮನವರಿಕೆಯಾಗಿತ್ತು. ಅವರು ಅಂಪೈರರನ್ನು ಕೇಳಿಕೊಂಡು ಟೇಲರನನ್ನು ಹಿಂದಕ್ಕೆ ಕರೆಸಿದರು. ಟೇಲರ್ ಮತ್ತು ಬೋಥಮ್ ಸೇರಿ ೧೭೧ ರನ್ ಕೂಡಿಸಿದರು. ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು. ಸೋಲು ದಾಖಲೆಯಲ್ಲುಂಟು. ಆದರೆ ಇಷ್ಟು ವರ್ಷಗಳ ಮೇಲೂ ಜನ ಆ ಪಂದ್ಯವನ್ನು ನೆನೆಯುವಾಗ ಮೊದಲು ಹೇಳುವುದು ವಿಶ್ವನಾಥರ ಆ ಕರೆಯನ್ನೇ. ಇದರಲ್ಲಿ ಅಂಪೈರರ ಪಾಲನ್ನೂ ಮರೆಯಬಾರದು. ಎತ್ತಿದ ಬೆರಳನ್ನು ಇಳಿಸಲು ಅವರು ಒಪ್ಪದಿದ್ದರೆ ವಿಶ್ವನಾಥರ ಔದಾರ್ಯ ಮನಸ್ಸಿನಲ್ಲೇ ಉಳಿಯುತ್ತಿತ್ತು. ತೀರ್ಪು ಬದಲಾಯಿಸಿದ್ದರಿಂದ ಅಂಪೈರರ ಗೌರವ ಕುಂದಿತೆಂದು ಯಾರೂ ಹೇಳಿದ್ದಿಲ್ಲ.

ಸಂಜೆ ಗ್ಯಾರೇಜಿಗೆ ಹೋದೆ. ಹುಡುಗ ಒಂದು ಸ್ಕೂಟರಿನ ಚಕ್ರ ಬಿಚ್ಚುತ್ತ ಕುಳಿತಿದ್ದ, ಎದ್ದು ನಿಂತ. ಮಗಳ ಮೊಬೈಲಿನಲ್ಲಿ ಕಂಡದ್ದನ್ನು ಹೇಳಿ, “ತಪ್ಪು ನನ್ನದು. ವಿದ್ಯಾರ್ಥಿಯೂ ಒಪ್ಪಿದ್ದಾನೆ. ಕುಕ್ಕರು ನಿನಗೆ ಸೇರಬೇಕು, ಇಲ್ಲವೇ ಮತ್ತೊಮ್ಮೆ ಆಡಿರಿ” ಎಂದೆ.

ಅವನು ಕೈಯೊರಸಿಕೊಂಡು ಮೆಲ್ಲನೆ ನಕ್ಕ. “ಹಬ್ಬ ಮುಗಿದುಹೋಯಿತಲ್ಲ ಸಾರ್, ಈಗ ಯಾಕೆ? ನಾನು ಕುಕ್ಕರಿಗೆ ಕೇಳಲಿಲ್ಲ. ‘ನನಗೆ ಕಾಣಲಿಲ್ಲಪ್ಪ’ ಅಂತ ನೀವು ಒಂದು ಮಾತು ಅಂದಿದ್ದರೆ ಸಾಕಾಗಿತ್ತು.”

ಅವನ ಎಣ್ಣೆಗಲೆಯ ಅಂಗಿಯ ಮೇಲೆ ನನ್ನ ಕಣ್ಣು ಬಿದ್ದಿತು. ಅಂದು ಇದೇ ಮಾತನ್ನು ದಿನವೂ ನಮಸ್ಕಾರ ಹೇಳುವ ಆ ಸಂಭಾವಿತ ವಿದ್ಯಾರ್ಥಿ ಹೇಳಿದ್ದರೆ ಅಷ್ಟೇ ಬಿರುಸಾಗಿ ತಳ್ಳಿಹಾಕುತ್ತಿದ್ದೆನೇ? ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡೆ. ಉತ್ತರ ಹಿತವಾಗಿರಲಿಲ್ಲ. ವಾಚಕರ ಮನೆಗಳಲ್ಲಿಯೂ ದಿನಕ್ಕೆ ಹತ್ತು ತೀರ್ಪುಗಳು ನಡೆಯುತ್ತವೆ; ಹೂದಾನಿ ಒಡೆದವರಾರು, ಪೆನ್ನು ಕದ್ದವರಾರು, ಕೆಲಸದಾಕೆ ಹೇಳಿದ್ದು ನಿಜವೋ ಮಗ ಹೇಳಿದ್ದು ನಿಜವೋ. ಅಲ್ಲಿ ಎರಡನೆಯ ತೀರ್ಪುಗಾರನಿಲ್ಲ, ನಿಧಾನಗತಿಯ ಚಿತ್ರವಿಲ್ಲ. ‘ಅಂತಿಮ’ ಎನ್ನುವ ಮುನ್ನ ಅಲ್ಲಿಯೂ ಒಂದು ಕ್ಷಣ ತಡೆಯುವುದು ಲೇಸೆಂದು ಮಾತ್ರ ಹೇಳಬಲ್ಲೆ.

ತೀರ್ಪು ಎಂದಾದರೊಮ್ಮೆ ಅಂತಿಮವಾಗಲೇಬೇಕು, ಇಲ್ಲದಿದ್ದರೆ ಆಟವಿಲ್ಲ. ಆದರೆ ಕೇಳಬೇಕಾದ್ದನ್ನು ಕೇಳಿದ ಮೇಲೆ ಆಗುವ ಅಂತಿಮ ಬೇರೆ, ಕೇಳಲು ಬಿಡದೆ ಆಗುವ ಅಂತಿಮ ಬೇರೆ. ಮೊದಲನೆಯದಕ್ಕೆ ಸೋತವನೂ ತಲೆಬಾಗಿ ಮನೆಗೆ ಹೋಗುತ್ತಾನೆ. ಎರಡನೆಯದರಲ್ಲಿ ಮಂಗಳಾರತಿಗೂ ನಿಲ್ಲದೆ ಹೋಗುತ್ತಾನೆ.

ಬರುವ ಗಣೇಶೋತ್ಸವಕ್ಕೆ ಸಮಿತಿಯವರು ಈಗಲೇ ನಿಯಮ ಬರೆದಿಟ್ಟಿದ್ದಾರೆ. ತೀರ್ಪುಗಾರರು ಇಬ್ಬರು, ಎದುರುಬದುರಾಗಿ. ಆಟಗಾರನೊಬ್ಬನಿಗೆ ಒಂದು ಆಕ್ಷೇಪಣೆ. ಮೇಜು ಬಿಡುವ ಮುನ್ನ ಹೇಳಬೇಕು. ಠೇವಣಿ ಹತ್ತು ರೂಪಾಯಿ. ಮೊಬೈಲಿನ ಚಿತ್ರವಿದ್ದರೆ ನೋಡತಕ್ಕದ್ದು. ನೋಡಿಯೂ ಅನುಮಾನ ಉಳಿದರೆ ಕೈಗಳನ್ನು ಪಟ್ಟಿಯಿಂದ ಬಿಗಿದು ಮರುಪಂದ್ಯ. ನನ್ನನ್ನೇ ಮತ್ತೆ ಒಂದು ಕಡೆಯ ತೀರ್ಪುಗಾರನನ್ನಾಗಿ ಇಟ್ಟುಕೊಂಡಿದ್ದಾರೆ. ತಪ್ಪು ಮಾಡಿದವನಿಗೆ ಕಣ್ಣು ಚುರುಕಾಗಿರುತ್ತದೆಂದು ಅವರ ಅಭಿಪ್ರಾಯವಿರಬೇಕು.

ಇನ್ನೊಂದು ಕಡೆಯ ಕುರ್ಚಿಗೆ ಗ್ಯಾರೇಜಿನ ಹುಡುಗನನ್ನೇ ಕರೆಯೋಣವೆಂದು ನಾನು ಸೂಚಿಸಿದೆ. ಎಲ್ಲರೂ ಒಪ್ಪಿದರು. ಹೇಳಿಕಳುಹಿಸಿದಾಗ ಅವನು ಕೊಟ್ಟ ಉತ್ತರವನ್ನು ಇಲ್ಲಿ ಬರೆದು ಮುಗಿಸುತ್ತೇನೆ:

“ಕುರ್ಚಿ ಬೇಡ ಸಾರ್. ನಾನು ಆಡುತ್ತೇನೆ.”